ಗುಲಾಬಿ ಬಣ್ಣದ ಸ್ಪ್ರಿಂಗು

ನಮ್ಮ ಮನೆಯಲ್ಲಿ ಹೊಸ ಚಾಪೆ ಬಿಚ್ಚುತ್ತಿದ್ದದ್ದು ಎರಡೇ ಸಂದರ್ಭಗಳಿಗೆ: ಬೀಗರು ಬಂದಾಗ, ಇಲ್ಲವೇ ಇಂಜಿನ್ನಿನ ಹೆಡ್ಡು ಬಂದಾಗ. ಬೀಗರು ಎಲೆ ಅಡಿಕೆಯ ಕಲೆ ಮಾಡಿ ಹೋಗುತ್ತಿದ್ದರು, ಹೆಡ್ಡು ಕರಿ ಎಣ್ಣೆಯ ಕಲೆ ಮಾಡಿ ಹೋಗುತ್ತಿತ್ತು. ಅವ್ವನಿಗೆ ಇಬ್ಬರ ಮೇಲೂ ಒಂದೇ ಸಮನೆ ಸಿಟ್ಟು. ಬೀಗರಿಗೆ ಏನೂ ಅನ್ನುವಂತಿರಲಿಲ್ಲವಾದ್ದರಿಂದ ಅವರ ಪಾಲಿನ ಬೈಗಳೂ ಹೆಡ್ಡಿಗೇ ಬೀಳುತ್ತಿದ್ದವು. ಯಡೂರಿಗೆ ಹತ್ತಿರ, ಕೃಷ್ಣೆಯ ದಂಡೆಯ ಮೇಲಿನ ಊರು ನಮ್ಮದು. ಹೊಳೆಯಿಂದ ನೀರೆತ್ತಿ ಕಬ್ಬಿಗೆ ಬಿಡುವ ಡೀಸೆಲ್ ಇಂಜಿನ್ನು ದಂಡೆಯ ಮೇಲಿನ ತಗಡಿನ ಶೆಡ್ಡಿನಲ್ಲಿತ್ತು. ಅದರ ನೆತ್ತಿಯ ಮೇಲಿನ ಕಬ್ಬಿಣದ ಗಡ್ಡೆಯೇ ಹೆಡ್ಡು. ಅದರೊಳಗೆ ಗಾಳಿಗೊಂದು ವಾಲ್ವು, ಹೊಗೆಗೊಂದು ವಾಲ್ವು, ಅವೆರಡನ್ನೂ ಬಿಗಿಯಾಗಿ ಮುಚ್ಚಿ ಹಿಡಿಯಲು ಒಂದೊಂದು ಸ್ಪ್ರಿಂಗು. ಸ್ಪ್ರಿಂಗು ಸೋತರೆ ವಾಲ್ವು ಸರಿಯಾಗಿ ಮುಚ್ಚುವುದಿಲ್ಲ, ಇಂಜಿನ್ನು ಕೆಮ್ಮಲು ಶುರು ಮಾಡುತ್ತದೆ. ಆಗ ಅಪ್ಪ ಹೆಡ್ಡನ್ನು ಬಿಚ್ಚಿ, ಚಕ್ಕಡಿಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿಕೊಂಡು ಮನೆಗೆ ತರುತ್ತಿದ್ದ.

ಮನೆಯೆಂದರೆ ಮುಖ್ಯವಾಗಿ ಪಡಸಾಲೆಯೇ. ತಲೆಬಾಗಿಲು ದಾಟಿದರೆ ಎಡಕ್ಕೆ ದನಗಳ ಗ್ವಾದಲಿ, ಬಲಕ್ಕೆ ಒಂದು ಗೇಣು ಎತ್ತರದ ಉದ್ದನೆಯ ಪಡಸಾಲೆ. ಊಟ, ನಿದ್ದೆ, ಜಗಳ, ನ್ಯಾಯ, ಶ್ಯಾವಿಗೆ ಹೊಸೆಯುವುದು, ಮೆಣಸಿನಕಾಯಿಯ ತೊಟ್ಟು ಮುರಿಯುವುದು, ಎಲ್ಲವೂ ಅಲ್ಲೇ. ಅದರ ನಡುಗಂಬಕ್ಕೆ ಬೆನ್ನು ಕೊಟ್ಟು ಕೂರುವ ಹಕ್ಕು ಅಪ್ಪನ ತಾಯಿಯಾದ ಆಯಿಗೆ ಮಾತ್ರ ಇತ್ತು. ಅಪ್ಪ, ಅವ್ವ, ನಾನು, ನನ್ನ ತಮ್ಮ ಬಸು, ಅಪ್ಪನ ತಮ್ಮ ಮಲ್ಲಪ್ಪ ಕಾಕಾ, ಅವನ ಹೊಸ ಹೆಂಡತಿ ಚಿಗವ್ವ, ಎಲ್ಲರೂ ಆ ಕಂಬದ ಸುತ್ತ ಇದ್ದವರು. ಚಿಗವ್ವನ ತವರು ಮಂಗಸೂಳಿ. ದ್ರಾಕ್ಷಿ ತೋಟದವರು, ಕೈ ತುಂಬ ಉಳ್ಳವರು. ಆದರೂ ಮದುವೆಯಲ್ಲಿ ನಮ್ಮ ಕಡೆಯವರ ಮಾದಲಿಗೆ ತುಪ್ಪ ಕಡಿಮೆ ಬಡಿಸಿದರೆಂಬುದು ಆಯಿಯ ದೂರು. ಅವತ್ತಿನಿಂದ ಆಕೆ ಒಂದು ಕಟ್ಟಪ್ಪಣೆ ಹೊರಡಿಸಿದ್ದಳು.

"ಈ ಮನ್ಯಾಗಿನ ಒಂದ ಸೂಜಿ ಸೈತ ಮಂಗಸೂಳಿಗಿ ಹೋಗಬಾರದು. ಹೋದ ದಿನಾ ನಾ ಈ ಕಂಬಾ ಬಿಟ್ಟ ಏಳ್ತೇನಿ."

ಆಯಿ ಕಂಬ ಬಿಟ್ಟು ಏಳುವುದೆಂದರೆ ಮನೆ ಎರಡಾಗುವುದೆಂದೇ ಅರ್ಥ. ಹಾಗಾಗಿ ಸೂಜಿ ಹೋಗಲಿ, ಚಿಗವ್ವ ತವರಿಗೆ ಹೊರಟರೆ ರೊಟ್ಟಿಯ ಬುತ್ತಿಯ ಗಂಟನ್ನೂ ಆಯಿಯ ಮುಂದೆ ಬಿಚ್ಚಿ ತೋರಿಸಿ ಹೋಗಬೇಕಾಗುತ್ತಿತ್ತು. ನಗು ಬರುವ ಸಂಗತಿಯೇ, ಆದರೆ ಆಗ ಯಾರೂ ನಗುತ್ತಿರಲಿಲ್ಲ.

ನಮ್ಮೂರಿನಲ್ಲಿ ಉಳಿದವರು ಸ್ಪ್ರಿಂಗು ಬದಲಿಸುವುದನ್ನು ನೋಡಲು ಎದೆಗುಂಡಿಗೆ ಬೇಕಿತ್ತು. ಇಬ್ಬರು ಸೇರಿ ರಿಂಗ್ ಪಾನಾ, ಅಂದರೆ ಸ್ಪ್ಯಾನರು, ಇಟ್ಟು ಮೊಣಕಾಲಿನಿಂದ ಸ್ಪ್ರಿಂಗನ್ನು ಅದುಮುವುದು, ಮೂರನೆಯವನು ಅದರ ಲಾಕು ಕೀಳುವುದು, ಅಷ್ಟರಲ್ಲಿ ಪಾನಾ ಜಾರಿ ಸ್ಪ್ರಿಂಗು ಛಾವಣಿಗೆ ಹಾರುವುದು. ಒಬ್ಬರ ಮುಂದಿನ ಹಲ್ಲೇ ಹೋಗಿತ್ತು. ಅಪ್ಪನಿಗೆ ಈ ಒರಟುತನ ಆಗಿಬರುತ್ತಿರಲಿಲ್ಲ. ಅವನು ನಿಪ್ಪಾಣಿಗೆ ಹೋಗಿ ಒಂದು ಕ್ಲ್ಯಾಂಪು ತಂದಿದ್ದ. ಕುಡುಗೋಲಿನಂತೆ ಬಾಗಿದ ಉಕ್ಕು. ಒಂದು ತುದಿ ವಾಲ್ವಿನ ಮುಖಕ್ಕೆ ತಾಗುತ್ತದೆ, ಇನ್ನೊಂದು ತುದಿಯ ಬಳೆ ಸ್ಪ್ರಿಂಗಿನ ಟೋಪಿಯ ಮೇಲೆ ಕೂರುತ್ತದೆ. ಸ್ಕ್ರೂ ತಿರುಗಿಸುತ್ತ ಹೋದರೆ ಸ್ಪ್ರಿಂಗು ಸದ್ದಿಲ್ಲದೆ ಕುಗ್ಗುತ್ತದೆ. ಎಲ್ಲಿಯೂ ಒಂದು ಗೀರು ಬೀಳುವುದಿಲ್ಲ. ಕ್ಲ್ಯಾಂಪು, ಸಂದು ಅಳೆಯುವ ತೆಳ್ಳನೆಯ ಪಟ್ಟಿಗಳು, ವಾಲ್ವು ಮಸೆಯುವ ಪೇಸ್ಟು, ಇವೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೀಗ. ಬೀಗದ ಕೀಲಿ ಅಪ್ಪನ ಉಡದಾರದಲ್ಲಿ. ಅವ್ವನ ಬಂಗಾರದ ಟ್ರಂಕಿಗೂ ಬೀಗವಿತ್ತು, ಆದರೆ ಅದರ ಕೀಲಿ ಗೋಡೆಯ ಮೊಳೆಗೆ ತೂಗುತ್ತಿತ್ತು.

ಆ ಕೆಲಸದಲ್ಲಿ ನನಗೊಂದು ಜಾಗವಿತ್ತು, ಅದು ನನ್ನದೇ ಜಾಗ. ಸ್ಪ್ರಿಂಗು ಕುಗ್ಗಿದಾಗ ವಾಲ್ವಿನ ದಂಟಿನ ಕೊರಳಿಗೆ ಎರಡು ಅರ್ಧಚಂದ್ರದಂಥ ಸಣ್ಣ ಲಾಕುಗಳನ್ನು ಕೂರಿಸಬೇಕು. ಅಕ್ಕಿಗಿಂತ ತುಸು ದೊಡ್ಡವು, ಅಷ್ಟೇ. ಅಪ್ಪನ ದಪ್ಪ ಬೆರಳಿಗೆ ಅವು ಸುಲಭಕ್ಕೆ ಸಿಕ್ಕುತ್ತಿರಲಿಲ್ಲ. ನಾನು ಕಿರುಬೆರಳಿನ ತುದಿಗೆ ಗ್ರೀಸು ಹಚ್ಚಿಕೊಂಡು, ಲಾಕನ್ನು ಅದಕ್ಕೆ ಅಂಟಿಸಿಕೊಂಡು, ಸಂದಿಯಲ್ಲಿ ಇಳಿಸಿ ಕೊರಳಿಗೆ ಒತ್ತುತ್ತಿದ್ದೆ. ಒಂದು, ಆಮೇಲೆ ಇನ್ನೊಂದು. ಅಪ್ಪ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸುತ್ತಿದ್ದ. ಕಟ್ಟಿಗೆಯ ಸುತ್ತಿಗೆಯಿಂದ ಟಕ್ಕೆಂದು ಒಂದು ಏಟು ಕೊಟ್ಟರೆ ಲಾಕು ಕೂತಿತು. "ನನ್ನ ಮಗಳ ಬೆರಳ ಇಲ್ಲಂದ್ರ ಹೊಳಿ ನೀರ ಹೊಳ್ಯಾಗ" ಅಂತ ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತಿಗೆ ನಾನು ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದೆ. ಬಸುಗೆ ಗ್ರೀಸಿನ ವಾಸನೆಗೇ ವಾಂತಿ ಬರುತ್ತಿತ್ತು. ಅಪ್ಪನ ನಂತರ ಪೆಟ್ಟಿಗೆಯ ಕೀಲಿ ನನಗೇ ಬರುವುದು ಅಂತ ನಾನು ಒಳಗೊಳಗೆ ತೀರ್ಮಾನಿಸಿಬಿಟ್ಟಿದ್ದೆ. ಆಯಿಗೆ ಮಾತ್ರ ಇದು ಸೇರುತ್ತಿರಲಿಲ್ಲ.

"ಹುಡುಗಿ ದೊಡ್ಡಾಕಿ ಆಗೂತನಕಾ ಅಷ್ಟ ನೋಡ. ಆಮ್ಯಾಲ ಕಬ್ಬಣಾ ಮುಟ್ಟಗೊಡೂದಿಲ್ಲ."

"ಆಗ ನೋಡೂಣಂತ ಬೇ" ಅನ್ನುತ್ತಿದ್ದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದ. ಆ ಕಣ್ಣಿನ ಮಾತನ್ನು ನಾನು ಬಾಯಿಮಾತಿಗಿಂತ ಹೆಚ್ಚು ನಂಬಿದ್ದೆ.

ಆ ವರ್ಷ ಶಿವರಾತ್ರಿಗೆ ಮುಂಚೆ ಹೊಸ ಸ್ಪ್ರಿಂಗು ಹಾಕಿದೆವು. ಅಪ್ಪನದೊಂದು ಪದ್ಧತಿ ಇತ್ತು. ಹಳೆಯದು ಮತ್ತು ಹೊಸದನ್ನು ಮೂತಿಗೆ ಮೂತಿ ಹಚ್ಚಿ ವೈಸಿನ ಕಬ್ಬಿಣದ ದವಡೆಯಲ್ಲಿ ಬಿಗಿಯುವುದು. ಯಾವುದು ಮೊದಲು ಕುಗ್ಗುತ್ತದೋ ಅದು ಸೋತದ್ದು. ಎಷ್ಟೇ ಅವಸರವಿದ್ದರೂ ಇದನ್ನು ಬಿಡುತ್ತಿರಲಿಲ್ಲ, ಮನೆಮಂದಿಯನ್ನೆಲ್ಲ ಕರೆದು ತೋರಿಸುತ್ತಿದ್ದ. ಚಿಕ್ಕೋಡಿಯ ಅಂಗಡಿಯಲ್ಲಿ ಅದೊಂದೇ ಅಸಲಿ ಜೋಡಿ ಉಳಿದಿತ್ತು. ಮುಂದಿನ ಮಾಲು ಯಾವಾಗ ಬರುತ್ತದೋ ಅಂಗಡಿಯವನಿಗೇ ಗೊತ್ತಿರಲಿಲ್ಲ. ಹೊಸವು ಹೆಡ್ಡಿಗೆ ಹೋದವು, ಸೋತ ಹಳೆಯವು ನನ್ನ ಪಾಲಿಗೆ ಬಂದವು. ನಾನು ಅವನ್ನು ಗೋಡೆಯ ಗೂಡಿನಲ್ಲಿ, ನನ್ನ ರಿಬ್ಬನ್ನುಗಳ ಪಕ್ಕ ಇಟ್ಟುಕೊಂಡೆ. ಹೋಳಿ ಹುಣ್ಣಿವೆಯ ಮುಂದೆ ಕಾಕಾ ಚಿಗವ್ವನನ್ನು ತವರಿಗೆ ಬಿಡಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದ. ಮಂಗಸೂಳಿಯ ಮಲ್ಲಯ್ಯನ ಗುಡಿಯ ಹತ್ತಿರದ ಅಂಗಡಿಯಲ್ಲಿ ನನಗೊಂದು ಗುಲಾಬಿ ಬಣ್ಣದ ನೇಲ್ ಪಾಲಿಶ್ ಕೊಡಿಸಿದ. ಹಣೆಗೆ ಭಂಡಾರ, ಉಗುರಿಗೆ ಗುಲಾಬಿ, ನನಗೆ ಅವತ್ತು ನೆಲ ಕಾಣುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಬಾಟಲಿಯಲ್ಲಿ ಬಣ್ಣ ಉಳಿದಿತ್ತು. ಉಳಿದದ್ದನ್ನು ನನ್ನ ಎರಡೂ ಸ್ಪ್ರಿಂಗಿನ ಸುರುಳಿಗಳ ಒಳಮೈಗೆ ಬಳಿದೆ. ಚೆಂದ ಕಂಡವು.

ಅದಾಗಿ ಸ್ವಲ್ಪ ದಿನಕ್ಕೆ ಅವ್ವ ಮತ್ತು ನಾನು ಕೊಕಟನೂರ ಎಲ್ಲಮ್ಮನಿಗೆ ಹೋಗಿ ಬಂದೆವು. ಬಂದು ನೋಡಿದರೆ ಗೂಡಿನಲ್ಲಿ ರಿಬ್ಬನ್ನುಗಳಿದ್ದವು, ಸ್ಪ್ರಿಂಗುಗಳಿರಲಿಲ್ಲ. ನಾನು ಬಸುವಿನ ಕೂದಲು ಹಿಡಿದು ಎಳೆದೆ. ಅವನು ಚೀರಿದ. ಅಪ್ಪ ಬಂದು ಬಿಡಿಸಿದ.

"ಅಂವನ್ನ ಯಾಕ ಬಡೀತಿ? ಮೋಡಕಾದಾಂವ ಬಂದಿದ್ದ. ಆಯಿ ಹಳೇ ಕಬ್ಬಣಾ ಹಾಕಿ ಖಾರೀಕ ತಗೊಂಡ್ಳು. ಅದರಾಗ ಹೋಗಿರಬೇಕು."

ಆಯಿ ಹಳೆಯ ಕಬ್ಬಿಣ ಕೊಟ್ಟು ಒಣಖರ್ಜೂರ ತೆಗೆದುಕೊಂಡದ್ದು ನಿಜವೇ ಆಗಿತ್ತು. ಏನೇನು ಹಾಕಿದೆ ಎಂಬುದು ಆಕೆಗೆ ನೆನಪಿರಲಿಲ್ಲ. ನಾನು ಎರಡು ಖಾರೀಕು ತಿಂದು ಸುಮ್ಮನಾದೆ.

ಯುಗಾದಿ ಮುಗಿದು ಬಿಸಿಲೇರಿತು. ಹೊಳೆಯಲ್ಲಿ ನೀರಿತ್ತು, ಕಬ್ಬಿಗೆ ಬಾಯಾರಿಕೆ ಇತ್ತು, ನಡುವೆ ಇಂಜಿನ್ನು ಒಂದು ಮಧ್ಯಾಹ್ನ ಲಟಲಟ ಸದ್ದು ಮಾಡಿ ನಿಂತುಬಿಟ್ಟಿತು. ಹೆಡ್ಡು ಚಕ್ಕಡಿಯಲ್ಲಿ ಬಂತು, ಚಾಪೆ ಬಿಚ್ಚಿಕೊಂಡಿತು. ಅಪ್ಪ ಉಡದಾರದ ಕೀಲಿಯಿಂದ ಪೆಟ್ಟಿಗೆ ತೆಗೆದ.

"ಗಂಗಾ, ಪ್ಲೇಟ ಹಿಡಿ ಬಾ."

ನಾನು ಲಾಕು ಹಾಕುವ ಪ್ಲೇಟು ಹಿಡಿದು ಅವನ ಎದುರಿಗೆ ಕೂತೆ. ಆಯಿ ಕಂಬಕ್ಕೆ, ಅವ್ವ ಮತ್ತು ಚಿಗವ್ವ ಅಡಿಗೆ ಮನೆಯ ಬಾಗಿಲಿಗೆ, ಕಾಕಾ ಗ್ವಾದಲಿಯ ಅಂಚಿಗೆ. ಕ್ಲ್ಯಾಂಪು ಬಿಗಿದು, ಲಾಕು ತೆಗೆದು ಸಡಿಲಿಸಿದರೆ ಒಂದು ಸ್ಪ್ರಿಂಗು ಎರಡು ತುಂಡಾಗಿ ನನ್ನ ಪ್ಲೇಟಿಗೆ ಬಿತ್ತು. ವಾಲ್ವಿನ ದಂಟು ಸೊಟ್ಟಗಾಗಿತ್ತು. ಮುರಿದ ಸ್ಪ್ರಿಂಗಿನ ಒಳಮೈಯಲ್ಲಿ ಕರಿ ಎಣ್ಣೆಯ ನಡುವೆ ಗುಲಾಬಿ ಬಣ್ಣವಿತ್ತು. ಇನ್ನೊಂದರಲ್ಲೂ ಇತ್ತು. ಮೊದಲು ನೋಡಿದವಳು ನಾನೇ. ಕಳೆದದ್ದು ಸಿಕ್ಕಿತೆಂದು ನನಗೆ ಒಂದು ಕ್ಷಣ ಖುಷಿಯೇ ಆಯಿತು, ದೇವರಾಣೆ. "ಇವು ನನ್ನೂವು!" ಅಂದೆ. ಅಷ್ಟು ಸಾಕಾಯಿತು.

"ನಿನ್ನೂವು ಅಂದ್ರ?" ಆಯಿ ಕಂಬದಿಂದ ಬೆನ್ನು ಎತ್ತಿದಳು. "ಹಳೇವಾ? ಇಂಜಿನ್ನದಾಗ ಹೆಂಗ ಹ್ವಾದೂವು?"

ಆ ಪ್ರಶ್ನೆಗೆ ಉತ್ತರ ಪಡಸಾಲೆಯಲ್ಲಿ ತಾನಾಗಿಯೇ ಹೆಣೆದುಕೊಂಡಿತು. ಸ್ಪ್ರಿಂಗು ಬದಲಿಸಿದ ದಿನ ಹಳೆಯವು ಹೊಸವು ಎರಡೂ ಒಂದೇ ಪ್ಲೇಟಿನಲ್ಲಿದ್ದವು. ಪ್ಲೇಟು ಹಿಡಿದವಳು ನಾನು. ಬಣ್ಣ ಹಚ್ಚುತ್ತ, ಆಟ ಆಡುತ್ತ ಹಳೆಯವನ್ನು ಅಪ್ಪನ ಕೈಗೆ ಕೊಟ್ಟೆ, ಹೊಸವನ್ನು ಗೂಡಿನಲ್ಲಿಟ್ಟೆ, ಅವನ್ನು ಆಯಿ ಮೋಡಕಾಕ್ಕೆ ಹಾಕಿದಳು. ಎಲ್ಲವೂ ಹೊಂದಿಕೊಂಡಿತು. ಇದನ್ನು ಮುಗಿಸಿ ಕೊಟ್ಟವನು ಅಪ್ಪ. ಸ್ಪ್ರಿಂಗು ಮುರಿದು ಬಿದ್ದ ಈ ದಿನ ಅವನು ಅವನ್ನು ವೈಸಿಗೆ ಹಚ್ಚಿ ನೋಡಲಿಲ್ಲ, ಯಾರನ್ನೂ ಕರೆದು ತೋರಿಸಲಿಲ್ಲ. ತಲೆ ತಗ್ಗಿಸಿ ಇಷ್ಟೇ ಹೇಳಿದ:

"ಹುಡುಗಿ ಕೈಯ್ಯಾಗ ಕೊಟ್ಟಿದ್ದು ನಂದ ತಪ್ಪು."

ತಪ್ಪನ್ನು ತನ್ನ ಮೇಲೆ ಎಳೆದುಕೊಂಡ ಹಾಗೆ ಕಾಣುವ ಮಾತು. ಊರಿನವರು ಅದನ್ನು ಕೇಳಿ ಎಂಥ ತಂದೆ ಅಂದರು. ನನಗೆ ಮಾತ್ರ ಎದೆಯ ಮೇಲೆ ಆ ಹೆಡ್ಡನ್ನೇ ಇಟ್ಟಂತಾಯಿತು. ಬಣ್ಣ ಬಂದದ್ದು ಆಮೇಲೆ ಅಲ್ಲವೇ? ಹೊಸ ಸ್ಪ್ರಿಂಗು ಹಾಕಿದ್ದು ಶಿವರಾತ್ರಿಗೆ ಮುಂಚೆ, ಬಣ್ಣ ಸಿಕ್ಕಿದ್ದು ಹೋಳಿಯ ಹೊತ್ತಿಗೆ. ಕೊಡಿಸಿದವನು ಅಲ್ಲೇ, ಗ್ವಾದಲಿಯ ಅಂಚಿಗೆ ಕೂತಿದ್ದ.

"ಕಾಕಾ, ನೀನ ಕೊಡಿಸಿದ್ದಿ. ಸ್ಪ್ರಿಂಗ ಹಾಕಿದ ಮ್ಯಾಲ ಮಂಗಸೂಳಿಗಿ ಹೋಗಿದ್ದಿವಿ. ಹೇಳ."

ಕಾಕಾ ಬಾಯಿ ತೆರೆದ. ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದ. ಆಮೇಲೆ ಕೊರಳ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಯಾವಾಗ ಕೊಡಿಸಿದ್ನೋ ಏನೋವಾ... ನೆನಪ ಇಲ್ಲ."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಳುವುದನ್ನು ಕಂಡು ಎಲ್ಲರಿಗೂ ನನ್ನ ತಪ್ಪು ಇನ್ನಷ್ಟು ಖಾತ್ರಿಯಾಯಿತು. ಅವ್ವ ನನ್ನ ಬಾಟಲಿಯನ್ನು ತಿಪ್ಪೆಗೆ ಎಸೆದಳು. ಅಪ್ಪ ನನ್ನ ಕೈಯಿಂದ ಪ್ಲೇಟು ತೆಗೆದುಕೊಂಡು ಬಸುವಿನ ಕೈಗೆ ಕೊಟ್ಟ. ಮಾಲು ಬರುವವರೆಗೆ ಇಂಜಿನ್ನು ನಿಂತಿತು, ಹೊಳೆಯ ಪಕ್ಕದ ಕಬ್ಬಿನ ಪಟ್ಟಿ ಅರ್ಧ ಒಣಗಿತು. ಅದರ ಪಕ್ಕದ ದಾರಿಯಲ್ಲೇ ನಾನು ಶಾಲೆಗೆ ಹೋಗಬೇಕಾಗಿತ್ತು.

ನಾನು ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಸ್ಪ್ರಿಂಗಿನ ಟೋಪಿಯ ಮೇಲೆ ಗೀರು ಇರಲಿಲ್ಲ, ಅಂದರೆ ಪಾನಾ ಬಳಸಿ ಬಿಚ್ಚಿದ್ದಲ್ಲ, ನಮ್ಮ ಕ್ಲ್ಯಾಂಪಿನಿಂದಲೇ ಬಿಚ್ಚಿದ್ದು. ಅಂದರೆ ಮನೆಯವರೇ. ಮಂಗಸೂಳಿಯವರ ಇಂಜಿನ್ನೂ ನಮ್ಮದೇ ತರಹದ್ದು. ಅಂದರೆ ಹೊಸವನ್ನು ಅಲ್ಲಿಗೆ ಒಯ್ದವನು ಕಾಕಾ. ಅಪ್ಪನಿಗೆ ಏನೋ ನೆಪ ಹೇಳಿ ಕೀಲಿ ಇಸಿದುಕೊಂಡಿರಬೇಕು. ಇಷ್ಟೆಲ್ಲ ಚುರುಕಾಗಿ ಓಡಿದ ನನ್ನ ತಲೆ ಉಡದಾರದ ಹತ್ತಿರ ಬಂದು ನಿಂತುಬಿಡುತ್ತಿತ್ತು, ಮುಂದಕ್ಕೆ ಹೋಗಲು ಒಪ್ಪುತ್ತಿರಲಿಲ್ಲ. ನಾನು ಕಾಕಾನ ಜೊತೆ ಮಾತು ಬಿಟ್ಟೆ. ಅವನು ತಾಟಿಗೆ ರೊಟ್ಟಿ ಹಾಕಿದರೆ ಎದ್ದು ಹೋಗುತ್ತಿದ್ದೆ. ಪ್ರತಿ ವರ್ಷ ಮಂಗಸೂಳಿಯಿಂದ ಅವನು ನನಗೆಂದೇ ತರುತ್ತಿದ್ದ ದ್ರಾಕ್ಷಿಯನ್ನು ಆಡಿನ ಮುಂದೆ ಇಡುತ್ತಿದ್ದೆ. ಅವನು ಒಂದು ಸಲವೂ ಬೈಯಲಿಲ್ಲ.

ನವಮಿಯ ಖಂಡೆ ಪೂಜೆಗೆ ನಮ್ಮಲ್ಲಿ ಒಂದು ರೂಢಿ. ಯಾರು ಯಾವ ಸಾಮಾನು ಬಳಸುತ್ತಾರೋ ಅವರೇ ಅದನ್ನು ತೊಳೆದು, ವಿಭೂತಿ ಹಚ್ಚಿ, ತಮ್ಮ ಕೈಯಿಂದಲೇ ದೇವರ ಮುಂದೆ ಇಡಬೇಕು. ಕುಡುಗೋಲು ಅವ್ವನದು, ನೇಗಿಲ ಕುಳ ಕಾಕಾನದು, ಒನಕೆ ಚಿಗವ್ವನದು. ಕ್ಲ್ಯಾಂಪು ನಾನು ಇಡುತ್ತಿದ್ದದ್ದು. ಆ ವರ್ಷವೂ ತಲೆಗೆ ಎಣ್ಣೆ ಹಚ್ಚಿಕೊಂಡು, ಹೊಸ ಪರಕಾರ ಉಟ್ಟು, ವಿಭೂತಿಯ ಬಟ್ಟಲು ಹಿಡಿದು ನಿಂತಿದ್ದೆ. ಅಪ್ಪ ಪೆಟ್ಟಿಗೆ ತೆಗೆದು ಕ್ಲ್ಯಾಂಪನ್ನು ನನ್ನ ತಲೆಯ ಮೇಲಿಂದ ಹಾಯಿಸಿ ಬಸುಗೆ ಕೊಟ್ಟ. ಬಸು ಮೂಗು ಮುಚ್ಚಿಕೊಂಡು ಅದನ್ನು ಇಟ್ಟ. ಹೋಳಿಗೆ ಊಟಕ್ಕೆ ನಾನು ಕೂರಲಿಲ್ಲ, ಯಾರೂ ಎರಡನೆಯ ಸಲ ಕರೆಯಲೂ ಇಲ್ಲ. ಆಗ ನನಗೆ ಹನ್ನೆರಡು ವರ್ಷ, ಇನ್ನೂ ದೊಡ್ಡವಳಾಗಿರಲಿಲ್ಲ.

ಮನೆ ಒಡೆಯಬಾರದೆಂದು ಎಲ್ಲರೂ ಇಷ್ಟೆಲ್ಲ ಮಾಡಿದ್ದು. ಮುಂದೆ ಅದು ಒಂದು ಎಮ್ಮೆಯನ್ನು ಯಾವ ಗೂಟಕ್ಕೆ ಕಟ್ಟಬೇಕೆಂಬ ಜಗಳಕ್ಕೆ ಒಡೆಯಿತು. ಪಡಸಾಲೆಯ ನಡುವೆ, ಆಯಿಯ ಕಂಬಕ್ಕೆ ಸರಿಯಾಗಿ, ಗೋಡೆ ಎದ್ದಿತು. ಆಯಿ ಆಗ ಇರಲಿಲ್ಲ. ನನ್ನನ್ನು ಕಾಗವಾಡದ ಕಡೆ ಕೊಟ್ಟರು. ಅಕ್ಕಿಕಾಳು ಹಾಕಲು ಕಾಕಾ ಬಂದಾಗ ನಾನು ಮುಖ ತಿರುಗಿಸಿದ್ದು ಮದುವೆಯ ಫೋಟೋದಲ್ಲೂ ಬಿದ್ದಿದೆ.

ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ, ಅಪ್ಪ ನಮ್ಮ ಮನೆಗೆ ಬಂದ. ಕೈಯಲ್ಲಿ ಪಂಚೆಯಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಕ್ಲ್ಯಾಂಪು. ಊರಲ್ಲಿ ಕರೆಂಟಿನ ಮೋಟರು ಬಂದಿತ್ತು, ಅದಕ್ಕೆ ಅಲ್ಲಿ ಕೆಲಸವಿರಲಿಲ್ಲ. ನಮ್ಮಲ್ಲಿ ಕರೆಂಟು ಹೋದಾಗ ಓಡಿಸುವ ಹಳೆಯ ಇಂಜಿನ್ನಿತ್ತು, ಅದರ ಸ್ಪ್ರಿಂಗು ಸೋತಿತ್ತು. ಗಂಡ ಹೊಲಕ್ಕೆ ಹೋಗಿದ್ದ. ನಾನು ಅಂಗಳದಲ್ಲಿ ಚಾಪೆ ಹಾಸಿ ಹೆಡ್ಡು ಇಟ್ಟುಕೊಂಡು ಕೂತೆ. ಅಷ್ಟು ವರ್ಷವಾಗಿದ್ದರೂ ಕೈ ಏನನ್ನೂ ಮರೆತಿರಲಿಲ್ಲ. ಅಪ್ಪ ಎದುರಿಗೆ ಪ್ಲೇಟು ಹಿಡಿದು ಕೂತ. ನನಗೆ ಒಳಗೆಲ್ಲೋ ತಂಪಾಯಿತು. ಹೊಸ ಸ್ಪ್ರಿಂಗನ್ನು ಪೂರ್ತಿ ಕುಗ್ಗಿಸಿ, ಒಂದು ಲಾಕು ಕೂರಿಸಿ, ಇನ್ನೊಂದನ್ನು ಬೆರಳಿಗೆ ಅಂಟಿಸಿಕೊಂಡಿದ್ದೆ. ಆಗ ಅವನು ಮಾತು ತೆಗೆದ.

"ಆ ಸ್ಪ್ರಿಂಗ ಮಲ್ಲ್ಯಾ ಕದ್ದ ಒಯ್ಯಲಿಲ್ಲವಾ. ನಾನ ಕೊಟ್ನಿ."

ಎರಡೂ ಕೈ ಕೆಲಸದಲ್ಲಿದ್ದವು. ಎದ್ದು ಹೋಗುವಂತಿರಲಿಲ್ಲ, ಬಿಟ್ಟರೆ ಲಾಕು ಸಿಡಿಯುತ್ತಿತ್ತು. ಅವನು ಅದನ್ನು ನೋಡಿಕೊಂಡೇ ಹೇಳಿದನೆಂದು ನನಗೆ ಈಗಲೂ ಅನ್ನಿಸುತ್ತದೆ.

"ಮಂಗಸೂಳಿಯವರ ಇಂಜಿನ್ನಿನ ಸ್ಪ್ರಿಂಗ ಮುರದಿತ್ತು. ದ್ರಾಕ್ಷಿಗಿ ನೀರ ಇಲ್ಲ, ಅಂಗಡ್ಯಾಗ ಮಾಲ ಇಲ್ಲ. ಮಲ್ಲ್ಯಾ ಮಾತ ಕೊಟ್ಟ ಬಂದಿದ್ದ, ನನ್ನ ಮುಂದ ನಿಂತ ಅತ್ತಾ. ನೀವು ಕೊಕಟನೂರಕ್ಕ ಹೋದ ದಿನಾ ಇಬ್ಬರೂ ಕೂಡಿ ದಂಡ್ಯಾಗ ಬಿಚ್ಚಿದಿವಿ. ಗೂಡಿನ್ಯಾಗಿನ ನಿನ್ನೂವು ಹಾಕಿದಿವಿ. ಮಾಲ ಬರೂತನಕಾ ತಡದಾವು ಅನ್ಕೊಂಡಿದ್ನಿ."

"ಬಣ್ಣಾ ಕಾಣಲಿಲ್ಲೇನ?"

"ಕಂಡಿತ್ತು. ಎಣ್ಣ್ಯಾಗ ಹೋದೀತು ಅನ್ಕೊಂಡ್ನಿ."

"ಎಲ್ಲಾ ಗೊತ್ತಿದ್ದ ಮ್ಯಾಲೂ ನನ್ನ ಯಾಕ ಕರದಿ? ಪ್ಲೇಟ ಹಿಡಿ ಬಾ ಅಂತ?"

"ಯಾವಾಗ್ಲೂ ನೀನ ಹಿಡೀತಿದ್ದಿ. ಕರೀದಿದ್ರ ಆಯಿ ಯಾಕಂತ ಕೇಳತಿದ್ಲು." ಅವನು ಪ್ಲೇಟನ್ನು ಸುಮ್ಮನೆ ಒರೆಸಿದ. "ಮಲ್ಲ್ಯಾ ಹೇಳಾಕಂತ ಬಾಯಿ ತಗದಿದ್ದ. ನಾನ ಕಣ್ಣಲೆ ಬ್ಯಾಡ ಅಂದ್ನಿ. ಅಂವ ಅಲ್ಲೇ ಇರಾಂವ, ಮನಿ ಒಡೀತಿತ್ತು. ನೀ ನಾಳೆ ಗಂಡನ ಮನಿಗಿ ಹೋಗಾಕಿ. ನಿನ್ನ ಮ್ಯಾಲ ಬಂದದ್ದು ನಿನ್ನ ಜೋಡಿ ಹೋಕ್ಕೈತಿ ಅನಿಸ್ತು."

ಅಷ್ಟು ವರ್ಷ ನಾನು ಕಾಕಾನನ್ನು ದ್ವೇಷಿಸಿ ಅಪ್ಪನನ್ನು ಉಳಿಸಿಕೊಂಡಿದ್ದೆ. ಕಾಕಾನಂಥ ಒಬ್ಬ ಮೋಸಗಾರ ಇದ್ದದ್ದರಿಂದಲೇ ಅಪ್ಪ ಒಳ್ಳೆಯವನಾಗಿ ಉಳಿದಿದ್ದ. ಈಗ ಅವನೇ ಬಂದು ಆ ನಂಬಿಕೆಯನ್ನೂ ಕಿತ್ತುಕೊಂಡ. ಕ್ಲ್ಯಾಂಪು ಕೊಟ್ಟು ಹೋಗಲು ಬಂದವನು ಒಯ್ದದ್ದೇ ಹೆಚ್ಚು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಎರಡನೆಯ ಲಾಕು ಕೂರಿಸಿದೆ, ಸ್ಕ್ರೂ ಸಡಿಲಿಸಿದೆ, ಸುತ್ತಿಗೆಯ ಏಟು ಕೊಟ್ಟೆ. ಕೈ ಬಿಡುವಾದ ಮೇಲೆ ಅವನ ಮುಖ ನೋಡಿದೆ.

"ಇಲ್ಲೆ ಯಾರದಾರ ಕೇಳಾಕ? ಪಡಸಾಲ್ಯಾಗ ಅಂದಿದ್ದಿ, ಪಡಸಾಲ್ಯಾಗ ಹೇಳ."

"ಪಡಸಾಲಿ ಎಲ್ಲೈತಿ ಈಗ? ನಡುವ ಗ್ವಾಡಿ ಐತಿ."

"ಗ್ವಾಡಿ ಎರಡೂ ಕಡೆ ಮಂದಿ ಅದಾರ. ಎರಡೂ ಕಡೆ ಹೇಳ."

"ಹೇಳ್ತೇನಿ" ಅಂದ ಅಪ್ಪ. ಚಹಾ ಕುಡಿದು, ಕ್ಲ್ಯಾಂಪನ್ನು ಚಾಪೆಯ ಮೇಲೆ ಬಿಟ್ಟು, ಸಂಜೆಯ ಚಿಕ್ಕೋಡಿ ಬಸ್ಸಿಗೆ ಹೊರಟ. ನಾನು ನಿಲ್ದಾಣದವರೆಗೆ ಹೋಗಲಿಲ್ಲ.

ಮರುವರ್ಷ ಬಸುವಿನ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಹೋದೆ. ಗೋಡೆಯ ಎರಡೂ ಕಡೆಯವರು ಬಂದಿದ್ದರು. ಒಳಗೆ ಜಾಗ ಸಾಲದೆ ಬೀದಿಯಲ್ಲಿ ಹಂದರ ಹಾಕಿ ಪಂಕ್ತಿ ಹಾಕಿದ್ದರು. ಅಪ್ಪ ಕಟ್ಟೆಯ ಮೇಲೆ ದಿಂಬಿಗೆ ಒರಗಿದ್ದ. ನಾನು ಬಡಿಸುತ್ತ ಬಂದು ಕಾಕಾನ ತಾಟಿಗೆ ನಾನಾಗಿಯೇ ಮಾದಲಿ ಹಾಕಿ, ಮೇಲೆ ತುಪ್ಪ ಸುರಿದೆ. ಅವನು ತಲೆ ಎತ್ತಿ ನೋಡಿದ. ಅವನ ಪಕ್ಕದಲ್ಲಿ ಕೂತಿದ್ದ ಅವನ ಕಿರಿಮಗಳು ನನ್ನ ಸೆರಗು ಎಳೆದಳು.

"ಅಕ್ಕಾ, ನೀ ಸಣ್ಣಾಕಿದ್ದಾಗ ಇಂಜಿನ್ನಿಗಿ ನೇಲ್ ಪಾಲಿಶ್ ಹಚ್ಚಿ ಕೆಡಿಸಿದ್ದಿಯಂತ, ಹೌದೇನ?"

"ಯಾರ ಹೇಳಿದ್ರು ನಿನಗ?"

"ದೊಡ್ಡಪ್ಪ. ಮೊನ್ನಿ ಹೇಳಿದಾ."

ಪಂಕ್ತಿಯ ತುಂಬ ನಗು ಎದ್ದಿತು. ಬಸು ನಕ್ಕ, ಅವನ ಹೆಂಡತಿ ನಕ್ಕಳು, ಅವ್ವನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಾಕಾ ತಾಟನ್ನು ಹಾಗೆಯೇ ಬಿಟ್ಟು ಕೈ ತೊಳೆಯಲು ಎದ್ದು ಹೋದ. ನಾನು ತುಪ್ಪದ ತಂಬಿಗೆ ಹಿಡಿದುಕೊಂಡು ಕಟ್ಟೆಯ ಕಡೆ ತಿರುಗಿದೆ. ಅಪ್ಪ ನನ್ನ ಕಣ್ಣಲ್ಲಿ ಕಣ್ಣಿಟ್ಟ, ಹಿಂದೆಲ್ಲ ಆಯಿಯ ಬೆನ್ನ ಹಿಂದೆ ಮಾಡುತ್ತಿದ್ದ ಹಾಗೆ ಒಂದು ಸಲ ಕಣ್ಣು ಮಿಟುಕಿಸಿದ, ಆಮೇಲೆ ಎಲ್ಲರ ಜೊತೆ ಅವನೂ ನಕ್ಕ.